ಗೇಟಿನ ಹೊರಗೆ ಉಳಿದವರ ಲೆಕ್ಕ

ಕಳೆದ ತಿಂಗಳ ಒಂದು ಬುಧವಾರ ನಮ್ಮ ಊರಿನ ನೂಲಿನ ಗಿರಣಿಯೊಂದಕ್ಕೆ ಸಂಶೋಧನೆಯವರು ಬಂದಿದ್ದರು. ನಾಲ್ಕು ಜನ ಯುವ ವೈದ್ಯರು, ಒಂದು ಮೇಜು, ಒಂದಷ್ಟು ಕಾಗದ, ಬಾಯಿಗಿಟ್ಟು ಊದುವ ಒಂದು ಸಣ್ಣ ಯಂತ್ರ. ಮಧ್ಯಾಹ್ನದ ಪಾಳಿ ಬದಲಾಗುವ ಹೊತ್ತಿಗೆ ಕ್ಯಾಂಟೀನಿನ ಪಕ್ಕದಲ್ಲಿ ಕುಳಿತರು. ಸಿಕ್ಕವರನ್ನು ಕರೆದು ಊದಿಸಿ, ಹೆಸರು, ವಯಸ್ಸು, ಬೀಡಿ ಸೇದುವ ಅಭ್ಯಾಸ ಇದೆಯೇ ಇಲ್ಲವೇ ಎಂಬುದನ್ನು ಬರೆದುಕೊಂಡು, ಇಂಗ್ಲಿಷಿನಲ್ಲಿದ್ದ ಒಂದು ಹಾಳೆಗೆ ಸಹಿ ಹಾಕಿಸಿಕೊಂಡು ಸಂಜೆಗೆ ಹೊರಟುಹೋದರು. ಊದಿದವರಿಗೆ ಒಂದು ಬಾಳೆಹಣ್ಣು, ಒಂದು ಪೊಟ್ಟಣ ಬಿಸ್ಕತ್ತು ಸಿಕ್ಕಿತು. ತಮ್ಮ ಎದೆಯೊಳಗೆ ಏನಿದೆ ಎಂಬ ಪ್ರಶ್ನೆಗೆ ಉತ್ತರ ಮಾತ್ರ ಯಾರಿಗೂ ಸಿಕ್ಕಲಿಲ್ಲ.

ಆ ರಾತ್ರಿ ಪಕ್ಷದ ಕಚೇರಿಯಲ್ಲಿ ಇದೇ ಮಾತು. ಕಾರ್ಡಿಂಗ್ ಖಾತೆಯ ಗೆಳೆಯರೊಬ್ಬರು ಊದಲು ಒಪ್ಪದೆ ಕಣ್ಣು ತಪ್ಪಿಸಿ ಹೊರಗೆ ಬಂದುಬಿಟ್ಟಿದ್ದರು. "ಎದೆ ಕೆಟ್ಟಿದೆ ಅಂತ ಕಾಗದ ಆದರೆ ಕಂಟ್ರಾಕ್ಟುದಾರ ನಾಳೆಯಿಂದ ಬರಬೇಡ ಅಂತಾನೆ. ಆಗ ನನ್ನ ಮಕ್ಕಳಿಗೆ ನೀವು ಅನ್ನ ಹಾಕ್ತೀರಾ?" ಎಂದು ನಮ್ಮನ್ನೇ ಕೇಳಿದರು. ಊದಿ ಬಂದ ಇನ್ನೊಬ್ಬರು, "ಅವರಿಗೇನೋ ಪದವಿ ಬರುತ್ತೆ, ನನಗೇನು ಬಂತು?" ಎಂದರು. ಮೂಲೆಯ ಬೆಂಚಿನ ಮೇಲೆ ಬ್ಲೋ ರೂಮಿನಿಂದ ಎಂಟು ವರ್ಷದ ಕೆಳಗೆ ನಿವೃತ್ತರಾದ ಹಿರಿಯರೊಬ್ಬರು ಕುಳಿತಿದ್ದರು. ಕಚೇರಿಯ ಹನ್ನೆರಡು ಮೆಟ್ಟಿಲು ಹತ್ತಿ ಬಂದ ದಮ್ಮು ಅವರಿಗೆ ಇನ್ನೂ ಆರಿರಲಿಲ್ಲ. ಬಹಳ ಹೊತ್ತಿನ ಮೇಲೆ ಅವರು ಕೇಳಿದ್ದು ಒಂದೇ ಮಾತು: "ನನ್ನನ್ನ ಯಾರೂ ಕರೀಲೇ ಇಲ್ಲವಲ್ಲಪ್ಪಾ?"

ಈ ಮೂರು ಮಾತಿಗೂ ಉತ್ತರ ಹೇಳಬೇಕಾದ್ದು ಕಾರ್ಮಿಕರ ಪತ್ರಿಕೆಯ ಕರ್ತವ್ಯ. ಮೂರನೆಯ ಮಾತಿನಲ್ಲಿ ಒಂದು ದೊಡ್ಡ ವೈಜ್ಞಾನಿಕ ಸತ್ಯವೇ ಅಡಗಿದೆ. ಅದನ್ನು ವಿದ್ವಾಂಸರು ಕಂಡುಕೊಳ್ಳಲು ಬಹಳ ಕಾಲ ಹಿಡಿಯಿತು.

ಮೊದಲು ರೋಗದ ವಿಚಾರ. ಹತ್ತಿಯ ಧೂಳಿನಿಂದ ಬರುವ ಈ ಎದೆಯ ರೋಗಕ್ಕೆ ವೈದ್ಯರು ಬಿಸಿನೋಸಿಸ್ ಎಂದು ಹೆಸರಿಟ್ಟಿದ್ದಾರೆ. ಹೆಸರು ಕಠಿಣವಾದರೂ ರೋಗ ನಮ್ಮವರಿಗೆ ಚಿರಪರಿಚಿತ. ಹತ್ತಾರು ವರ್ಷ ಧೂಳಿನಲ್ಲಿ ದುಡಿದವನು ವಾರದ ರಜೆ ಮುಗಿಸಿ ಸೋಮವಾರ ಪಾಳಿಗೆ ಹೋಗುತ್ತಾನೆ. ಕೆಲವು ತಾಸು ಕಳೆಯುವಷ್ಟರಲ್ಲಿ ಎದೆಗೆ ಹಗ್ಗ ಬಿಗಿದಂತಾಗುತ್ತದೆ, ಕೆಮ್ಮು ಬರುತ್ತದೆ, ಪೂರಾ ಉಸಿರು ಎಳೆಯಲು ಆಗುವುದಿಲ್ಲ. ಮಂಗಳವಾರ ಹಗುರವಾಗುತ್ತದೆ. ಬುಧವಾರದ ಹೊತ್ತಿಗೆ ಮರೆತೇ ಹೋಗುತ್ತದೆ. ಧೂಳಿನ ನಡುವೆ ಒಂದೆರಡು ದಿನ ಇದ್ದರೆ ಮೈ ಹೇಗೋ ಹೊಂದಿಕೊಳ್ಳುತ್ತದೆ; ರಜೆಯ ದಿನ ಆ ಹೊಂದಿಕೆ ಕಳೆದುಹೋಗುತ್ತದೆ; ಮುಂದಿನ ಸೋಮವಾರ ಮತ್ತೆ ಮೊದಲಿನಂತೆಯೇ. "ಭಾನುವಾರ ಕುಡಿದಿರಬೇಕು, ಅದಕ್ಕೇ ಸೋಮವಾರ ಮೈಗಳ್ಳತನ" ಎಂದು ಜಾಬರು ಬೈಯುವುದನ್ನು ಕೇಳದ ಕಾರ್ಡಿಂಗ್ ಖಾತೆ ಇದೆಯೇ?

ಇದಕ್ಕೆ ಕಾರಣ ಶುದ್ಧವಾದ ಹತ್ತಿಯ ಎಳೆಯಲ್ಲ. ಹತ್ತಿಯ ಜೊತೆಗೆ ಒಣಗಿದ ಎಲೆ, ತೊಟ್ಟು, ಸಿಪ್ಪೆಗಳ ಪುಡಿ ಬರುತ್ತದೆ. ಅದರ ಮೇಲೆ ಬೆಳೆಯುವ ಸೂಕ್ಷ್ಮ ಜೀವಿಗಳ ಮೈಯಿಂದ ಎಂಡೋಟಾಕ್ಸಿನ್ ಎಂಬ ನಂಜು ಧೂಳಿನಲ್ಲಿ ಸೇರುತ್ತದೆ. ಅದು ಉಸಿರಿನ ಕೊಳವೆಗಳನ್ನು ಕೆರಳಿಸಿ ಬಿಗಿಯುವಂತೆ ಮಾಡುತ್ತದೆ ಎಂಬುದು ಇಂದಿನ ವಿಜ್ಞಾನದ ತಿಳುವಳಿಕೆ. ಹತ್ತಿಯ ಕಸ ಬೇರೆಯಾಗುವುದೇ ಬ್ಲೋ ರೂಮು ಮತ್ತು ಕಾರ್ಡಿಂಗ್ ಖಾತೆಗಳಲ್ಲಿ. ಆದುದರಿಂದಲೇ ಆ ಎರಡು ಖಾತೆಯವರು ಎಲ್ಲರಿಗಿಂತ ಮೊದಲು ಬೀಳುತ್ತಾರೆ.

ಇಂಗ್ಲೆಂಡಿನ ಲ್ಯಾಂಕಾಷೈರಿನ ಗಿರಣಿಗಳಲ್ಲಿ 1950ರ ದಶಕದಲ್ಲಿ ಸಂಶೋಧನೆ ಮಾಡಿದ ರಿಚರ್ಡ್ ಶಿಲ್ಲಿಂಗ್ ಎಂಬ ವೈದ್ಯರು ಈ ರೋಗಕ್ಕೆ ದರ್ಜೆಗಳನ್ನು ಗೊತ್ತುಮಾಡಿದರು. ಆಗೊಮ್ಮೆ ಈಗೊಮ್ಮೆ ವಾರದ ಮೊದಲ ದಿನ ಎದೆ ಬಿಗಿದರೆ ಅರ್ಧ ದರ್ಜೆ. ಪ್ರತಿ ವಾರವೂ ಮೊದಲ ದಿನ ಬಿಗಿದರೆ ಒಂದನೆಯ ದರ್ಜೆ. ಬೇರೆ ದಿನಗಳಿಗೂ ಹಬ್ಬಿದರೆ ಎರಡನೆಯದು. ಅದರ ಜೊತೆಗೆ ಶ್ವಾಸಕೋಶದ ಶಕ್ತಿಯೇ ಶಾಶ್ವತವಾಗಿ ಕುಂದಿದರೆ ಮೂರನೆಯದು. ಓದುಗರು ಈ ನಾಲ್ಕು ಮೆಟ್ಟಿಲನ್ನು ಮನಸ್ಸಿನಲ್ಲಿ ಇಟ್ಟುಕೊಳ್ಳಬೇಕು. ಮೊದಲ ಮೆಟ್ಟಿಲಿನಲ್ಲಿ ಧೂಳಿನಿಂದ ದೂರ ಸರಿದವನು ಬಹುಮಟ್ಟಿಗೆ ಉಳಿದುಕೊಳ್ಳುತ್ತಾನೆ. ಕೊನೆಯ ಮೆಟ್ಟಿಲಿಗೆ ಹೋದವನಿಗೆ ಕಳೆದುಕೊಂಡದ್ದನ್ನು ಪೂರ್ತಿಯಾಗಿ ಹಿಂದಕ್ಕೆ ತಂದುಕೊಡುವ ಔಷಧಿ ಇಲ್ಲ.

ಇನ್ನೊಂದು ಮಾತು. ಈ ರೋಗ ಎಕ್ಸ್‌ರೇಯಲ್ಲಿ ತನ್ನದೇ ಆದ ಗುರುತು ತೋರಿಸುವುದಿಲ್ಲ. ಕಲ್ಲುಪುಡಿಯ ಧೂಳು ಕುಡಿದವನ ಎದೆಯ ಚಿತ್ರದಲ್ಲಿ ಕಲೆಗಳು ಕಾಣುತ್ತವೆ. ಹತ್ತಿ ಧೂಳು ಕುಡಿದವನ ಚಿತ್ರ ಚೊಕ್ಕಟವಾಗಿಯೇ ಇರಬಹುದು. "ಎಕ್ಸ್‌ರೇ ಚೆನ್ನಾಗಿದೆ, ಬೀಡಿ ಬಿಡು, ಹೋಗು" ಎಂದು ಹೇಳಿಸಿಕೊಂಡು ಬಂದವರು ನಮ್ಮಲ್ಲಿ ಎಷ್ಟು ಜನರಿಲ್ಲ! ಈ ರೋಗವನ್ನು ಹಿಡಿಯುವ ಸಾಧನ ಊದುವ ಯಂತ್ರವೇ. ಮೊದಲ ಒಂದು ಸೆಕೆಂಡಿನಲ್ಲಿ ಎಷ್ಟು ಗಾಳಿಯನ್ನು ಹೊರಗೆ ಹಾಕಬಲ್ಲೆ ಎಂಬುದನ್ನು ಅದು ಅಳೆಯುತ್ತದೆ. ಆದರೆ ಅದನ್ನು ಬಳಸುವುದಕ್ಕೂ ಹೊತ್ತುಗೊತ್ತು ಇದೆ: ರಜೆ ಕಳೆದು ಬಂದ ಮೊದಲ ದಿನ ಪಾಳಿಗೆ ಮುಂಚೆ ಒಮ್ಮೆ, ಪಾಳಿ ಮುಗಿದ ಮೇಲೆ ಒಮ್ಮೆ ಊದಿಸಿ, ಎರಡನ್ನೂ ಪಕ್ಕಪಕ್ಕದಲ್ಲಿಟ್ಟು ನೋಡಬೇಕು. ನಮ್ಮ ಊರಿಗೆ ಬಂದವರು ಬಂದದ್ದು ಬುಧವಾರ. ಊದಿಸಿದ್ದು ಒಂದು ಸಲ. ಹಳೆಯ ರೋಗಿಗಳ ಕುಂದಿದ ಶಕ್ತಿ ಅದರಲ್ಲೂ ಕಂಡೀತು, ಇಲ್ಲವೆನ್ನುವುದಿಲ್ಲ. ಇನ್ನೂ ಉಳಿಸಬಹುದಾದವನ ಸೋಮವಾರದ ಬಿಗಿತ ಮಾತ್ರ ಬಲೆಯಿಂದ ನುಸುಳಿಹೋಗುತ್ತದೆ.

ಆ ಯುವ ವೈದ್ಯರ ಮೇಲೆ ನಮಗೆ ಸಿಟ್ಟಿಲ್ಲ. ಅವರಿಗೆ ಗಿರಣಿಯ ಆಡಳಿತ ಕೊಟ್ಟ ದಿನ ಅದು, ಕೊಟ್ಟ ಜಾಗ ಅದು. ಇಲ್ಲಿಗೇ ಪ್ರಶ್ನೆ ಬರುತ್ತದೆ: ಕಾರ್ಮಿಕನ ಎದೆಯನ್ನು ಅಳೆಯುವುದಕ್ಕೆ ಮಾಲೀಕನ ಅಪ್ಪಣೆ ಏಕೆ ಬೇಕು? ಅಪ್ಪಣೆ ಕೊಟ್ಟವನ ಮರ್ಜಿಗೆ ತಕ್ಕಂತೆ ಅಳತೆ ನಡೆದರೆ ಅಂಥ ಸಂಶೋಧನೆಯಿಂದ ಯಾವ ಸತ್ಯ ಹೊರಬಂದೀತು?

ಅಮೆರಿಕದ ಕಥೆ ಇದಕ್ಕೆ ದೊಡ್ಡ ದೃಷ್ಟಾಂತ. ಇಂಗ್ಲೆಂಡಿನಲ್ಲಿ 1941ರಲ್ಲಿಯೇ ಈ ರೋಗಕ್ಕೆ ಪರಿಹಾರದ ಯೋಜನೆ ಬಂದಿತ್ತು. ಇಪ್ಪತ್ತು ವರ್ಷ ಧೂಳಿನ ಖಾತೆಯಲ್ಲಿ ದುಡಿದು ಪೂರ್ತಿ ಕೈಲಾಗದವನಾಗಿದ್ದರೆ ಮಾತ್ರ ಎಂಬ ಜಿಪುಣ ಷರತ್ತಿನ ಮೇಲೆ, ಆದರೂ ಬಂದಿತ್ತು. ಅಮೆರಿಕದ ಗಿರಣಿ ಮಾಲೀಕರು ಮಾತ್ರ ಆ ರೋಗ ನಮ್ಮ ದೇಶದಲ್ಲಿ ಇಲ್ಲವೇ ಇಲ್ಲ ಎಂದು 1960ರ ದಶಕದವರೆಗೂ ಸಾಧಿಸಿದರು. 1969ರಲ್ಲಿ ಅವರ ಕಡೆಯ ವ್ಯಾಪಾರದ ಪತ್ರಿಕೆಯೊಂದು ಇದು ವೈದ್ಯರು ಹುಟ್ಟಿಸಿದ ಕಥೆ ಎಂಬರ್ಥದಲ್ಲಿ ಬರೆದಿತ್ತು. ಅರೆಂಡ್ ಬೌಹೌಸ್ ಎಂಬ ಡಚ್ ಮೂಲದ ವೈದ್ಯರು ಅಲ್ಲಿ ಪರೀಕ್ಷೆ ಮಾಡಲು ಹೊರಟಾಗ ಖಾಸಗಿ ಗಿರಣಿಗಳು ಬಾಗಿಲು ತೆರೆಯಲಿಲ್ಲ. ಕೊನೆಗೆ ಅವರಿಗೆ ಸಿಕ್ಕಿದ್ದು ಅಟ್ಲಾಂಟಾದ ಸೆರೆಮನೆಯೊಳಗಿನ ಹತ್ತಿ ಗಿರಣಿ. ಅಲ್ಲಿ ದುಡಿಯುತ್ತಿದ್ದ ಕೈದಿಗಳನ್ನು ಪರೀಕ್ಷಿಸಿ, ರೋಗ ಇದೆ ಎಂದು 1967ರಲ್ಲಿ ಪ್ರಕಟಿಸಿದರು. ಸ್ವತಂತ್ರ ಕಾರ್ಮಿಕನ ಎದೆಗೆ ಮಾಲೀಕ ಬೀಗ ಹಾಕಿದ್ದ. ಕೈದಿಯ ಎದೆಗೆ ಬೀಗ ಹಾಕುವ ಮಾಲೀಕ ಇರಲಿಲ್ಲ. ಇದಕ್ಕೆ ನಗುವುದೋ ಅಳುವುದೋ ತಿಳಿಯದು.

ಇದಕ್ಕಿಂತ ಮುಖ್ಯವಾದದ್ದು ಬೌಹೌಸ್ ಮತ್ತು ಅವರ ಸಂಗಡಿಗರು ಮುಂದೆ ಮಾಡಿದ ಕೆಲಸ. ಅದರಲ್ಲಿ ಆ ಲ್ಯಾಂಕಾಷೈರಿನ ಶಿಲ್ಲಿಂಗರೂ ಇದ್ದರು. ದಕ್ಷಿಣ ಕೆರೊಲಿನಾ ರಾಜ್ಯದ ಕೊಲಂಬಿಯಾ ಎಂಬ ಊರಿನಲ್ಲಿ ಇವರು ಗಿರಣಿಯ ಗೇಟಿಗೆ ಹೋಗಲಿಲ್ಲ. ಗಿರಣಿಯವರು ವಾಸವಾಗಿದ್ದ ಕೇರಿಗೆ ಹೋದರು. ನಲವತ್ತೈದು ದಾಟಿದ, ಈಗಲೂ ದುಡಿಯುತ್ತಿದ್ದ ಮತ್ತು ಕೆಲಸ ಬಿಟ್ಟು ಮನೆಯಲ್ಲಿ ಕುಳಿತ, ಆರುನೂರಕ್ಕೂ ಹೆಚ್ಚು ಜನರನ್ನು ಪರೀಕ್ಷಿಸಿದರು. 1977ರಲ್ಲಿ ಫಲಿತಾಂಶ ಹೊರಬಂತು. ಅಲ್ಲಿಯವರೆಗೆ ಗೇಟಿನ ಒಳಗೆ ಎಣಿಸಿದವರಿಗೆ ಕಾಣದೆ ಇದ್ದದ್ದು ಇವರಿಗೆ ಕಂಡಿತು: ಅತಿ ಹೆಚ್ಚು ಕೆಟ್ಟ ಎದೆಯವರು ಗಿರಣಿಯಲ್ಲಿ ಇರಲಿಲ್ಲ, ಮನೆಯಲ್ಲಿದ್ದರು.

ಯೋಚಿಸಿ ನೋಡಿದರೆ ಇದು ಎಷ್ಟು ಸರಳ! ಗೇಟಿನೊಳಗೆ ಎಣಿಕೆಗೆ ಸಿಕ್ಕುವವನು ಕೆಲಸಕ್ಕೆ ಬರುವಷ್ಟು ತ್ರಾಣ ಉಳಿದವನು. ತ್ರಾಣ ಮುಗಿದವನು ರಾಜೀನಾಮೆ ಕೊಟ್ಟೋ, ಕೊಡದೆಯೋ ಹೋಗಿಬಿಟ್ಟಿರುತ್ತಾನೆ. ಈ ಲೇಖಕನು ಮೇಷ್ಟರಾಗಿದ್ದ ಕಾಲದಲ್ಲಿ ಹಾಜರಿ ಪುಸ್ತಕ ನೋಡಿ "ನಿಮ್ಮ ಶಾಲೆಯಲ್ಲಿ ಎಲ್ಲ ಮಕ್ಕಳೂ ಬರುತ್ತಿದ್ದಾರಲ್ಲ, ಬಹಳ ಸಂತೋಷ" ಎಂದು ಬರೆದು ಹೋದ ಅಧಿಕಾರಿಯೊಬ್ಬರಿದ್ದರು. ಶಾಲೆ ಬಿಟ್ಟು ದನ ಕಾಯಲು ಹೋದ ಮಕ್ಕಳ ಹೆಸರು ಆ ಪುಸ್ತಕದಲ್ಲಿ ಇರಲೇ ಇಲ್ಲ. ಗಿರಣಿಯ ಆರೋಗ್ಯದ ಲೆಕ್ಕವೂ ಹಾಗೆಯೇ. "ನಮ್ಮಲ್ಲಿ ರೋಗಿಗಳು ಬಹಳ ಕಡಿಮೆ" ಎಂಬ ವರದಿಯ ಅರ್ಥ ಎಷ್ಟೋ ಸಲ "ನಮ್ಮಲ್ಲಿ ರೋಗಿಗಳನ್ನು ಇಟ್ಟುಕೊಳ್ಳುವುದಿಲ್ಲ" ಎಂಬುದೇ ಆಗಿರುತ್ತದೆ.

ಕೇರಿಯಲ್ಲಿ ಎಣಿಸಿದ್ದರ ಪರಿಣಾಮ ಏನಾಯಿತು? ದುಡಿಯುವ ಮತ್ತು ನಿವೃತ್ತರಾದ ಹತ್ತಿ ಗಿರಣಿಯವರಲ್ಲಿ ಸುಮಾರು 35,000 ಮಂದಿ, ಅಂದರೆ ಹನ್ನೆರಡರಲ್ಲಿ ಒಬ್ಬರು, ರೋಗದ ಅತಿ ಕಠಿಣ ರೂಪದಿಂದ ನರಳುತ್ತಿದ್ದಾರೆ ಎಂಬ ಅಂದಾಜು ಆ ದೇಶದ ಸರ್ಕಾರದ ಮುಂದೆ ಬಂತು. ಇತ್ತ 1975ರಿಂದ ಕೆರೊಲಿನಾದ ಮುದಿ ಕಾರ್ಮಿಕರೇ ಸಂಘ ಕಟ್ಟಿಕೊಂಡು, ಕೆಮ್ಮುತ್ತ ಕೆಮ್ಮುತ್ತ ಕಚೇರಿಗಳ ಮೆಟ್ಟಿಲು ಹತ್ತಿದರು. 1978ರಲ್ಲಿ ಅಮೆರಿಕದ ಸರ್ಕಾರ ಹತ್ತಿ ಧೂಳಿಗೆ ಮಿತಿ ಕಟ್ಟಿತು: ನೂಲುವ ಖಾತೆಗಳಲ್ಲಿ ಒಂದು ಘನ ಮೀಟರು ಗಾಳಿಗೆ 200 ಮೈಕ್ರೋಗ್ರಾಮಿಗಿಂತ ಹೆಚ್ಚು ಧೂಳು ಇರಕೂಡದು, ನೇಯ್ಗೆಯಲ್ಲಿ 750. ಧೂಳಿನ ಖಾತೆಯವರಿಗೆ ಊದುವ ಪರೀಕ್ಷೆಯನ್ನು ಮಾಲೀಕನೇ ತನ್ನ ಖರ್ಚಿನಲ್ಲಿ ಮಾಡಿಸಬೇಕು. ಗಾಳಿಯ ಪೈಪು ಹಿಡಿದು ಯಂತ್ರದ ಮೇಲಿನ ಧೂಳನ್ನು ಊದಿ ಎಬ್ಬಿಸುವ ಪದ್ಧತಿಗೂ ಕಡಿವಾಣ ಬಿತ್ತು. ನಮ್ಮ ಗಿರಣಿಗಳಲ್ಲಿ ಪಾಳಿಯ ಕೊನೆಯಲ್ಲಿ ಈ ಊದುವಿಕೆ ನಡೆಯುವಾಗ ಎದುರಿಗಿದ್ದವನ ಮುಖ ಕಾಣುವುದಿಲ್ಲ. ಅಲ್ಲಿನ ಮಾಲೀಕರು ಸುಮ್ಮನಿರುತ್ತಾರೆಯೇ? ಇಷ್ಟು ಖರ್ಚಿಗೆ ಇಷ್ಟು ಲಾಭ ಇದೆಯೇ ಎಂದು ತೂಗಿ ನೋಡಲಿಲ್ಲ ಎಂದು ಸುಪ್ರೀಂ ಕೋರ್ಟಿಗೆ ಹೋದರು. 1981ರಲ್ಲಿ ಕೋರ್ಟು, ಮಾಡಲು ಸಾಧ್ಯವಿರುವ ಮಟ್ಟಿಗೆ ಕಾರ್ಮಿಕನ ಆರೋಗ್ಯವನ್ನು ಕಾನೂನೇ ಎಲ್ಲಕ್ಕಿಂತ ಮೇಲೆ ಇಟ್ಟಿದೆ, ತಕ್ಕಡಿಯ ಪ್ರಶ್ನೆ ಇಲ್ಲ ಎಂದು ಧೂಳಿನ ಮಿತಿಯನ್ನು ಎತ್ತಿಹಿಡಿಯಿತು. ಬಂಡವಾಳದ ಕೋಟೆಯಂಥ ದೇಶದಲ್ಲಿ ಈ ಮಾತು ಬಂತು ಎಂಬುದನ್ನು ನಮ್ಮ ಮಾಲೀಕರು ಗಮನಿಸಲಿ.

ಬೀಡಿಯ ಮಾತನ್ನೂ ಇಲ್ಲಿಯೇ ಆಡಿ ಮುಗಿಸುತ್ತೇವೆ. ಕಾರ್ಮಿಕ ಕೆಮ್ಮಿದರೆ ಸಾಕು, ಆಡಳಿತದವರು ಬೀಡಿಯತ್ತ ಬೆರಳು ತೋರಿಸುತ್ತಾರೆ. ಚೀನದ ಶಾಂಘೈಯಲ್ಲಿ 1981ರಲ್ಲಿ ಅಲ್ಲಿನ ಮತ್ತು ಅಮೆರಿಕದ ವಿದ್ವಾಂಸರು ಸೇರಿ ಒಂದು ಸಂಶೋಧನೆ ಶುರುಮಾಡಿದರು. ಹತ್ತಿ ಗಿರಣಿಯ 447 ಜನ, ಹೋಲಿಸಿ ನೋಡುವುದಕ್ಕೆ ರೇಷ್ಮೆ ಗಿರಣಿಯ 472 ಜನ. ಇವರನ್ನು ಒಂದು ದಿನ ಊದಿಸಿ ಕೈಬಿಡಲಿಲ್ಲ. ಸುಮಾರು ಐದೈದು ವರ್ಷಕ್ಕೊಮ್ಮೆ ಹುಡುಕಿಕೊಂಡು ಹೋಗಿ, ನಿವೃತ್ತರಾದ ಮೇಲೂ ಬಿಡದೆ, ಇಪ್ಪತ್ತೈದು ವರ್ಷಕ್ಕೂ ಮಿಕ್ಕಿ ಊದಿಸಿದರು. ಅಲ್ಲಿನ ಹೆಂಗಸರು ಹೆಚ್ಚುಕಡಿಮೆ ಯಾರೂ ಹೊಗೆಬತ್ತಿ ಸೇದುವವರಲ್ಲ. ಆದರೂ ಹತ್ತಿ ಧೂಳು ಅವರ ಉಸಿರಿನ ಶಕ್ತಿಯನ್ನು ಕಿತ್ತುಕೊಂಡಿತ್ತು. ಆಡಳಿತದವರ ಬೆರಳಿಗೆ ಇದೇ ಉತ್ತರ. ಕಾರ್ಮಿಕರಿಗೆ ಹೇಳಬೇಕಾದದ್ದೂ ಅದೇ ಸಂಶೋಧನೆಯಲ್ಲಿದೆ: ಧೂಳು ಬಿಟ್ಟ ಮೇಲೆ ಉಸಿರಿನ ಶಕ್ತಿ ಸ್ವಲ್ಪ ಮಟ್ಟಿಗೆ ಚೇತರಿಸಿಕೊಂಡಿತು, ಸೇದದವರಲ್ಲಿ ಹೆಚ್ಚು, ಸೇದುವವರಲ್ಲಿ ಕಡಿಮೆ. ಇದನ್ನು ಮುಚ್ಚಿಟ್ಟರೆ ನಾವು ನಮ್ಮವರಿಗೆ ಮುಖಸ್ತುತಿ ಮಾಡಿದಂತಾಗುತ್ತದೆ. ಧೂಳಿಗೆ ಬೀಡಿ ಸೇರಿದರೆ ಮಾಲೀಕ ಮಾಡಿದ ಹಾನಿಗೆ ನಾವೇ ಬಡ್ಡಿ ಕಟ್ಟಿದಂತೆ.

ಇನ್ನು ನಮ್ಮ ದೇಶದ ವಿಚಾರ. ಭಾರತದಲ್ಲಿ ಸಂಶೋಧನೆ ನಡೆದಿಲ್ಲ ಎಂದರೆ ಸುಳ್ಳಾಗುತ್ತದೆ. ಕಸುಬಿನ ರೋಗಗಳ ಸಂಶೋಧನೆಗೆಂದೇ ಅಹಮದಾಬಾದಿನಲ್ಲಿ ಸರ್ಕಾರದ ರಾಷ್ಟ್ರೀಯ ಸಂಸ್ಥೆ 1966ರಿಂದ ಇದೆ. ಅದರ ಪ್ರಾದೇಶಿಕ ಕೇಂದ್ರವೊಂದು ಬೆಂಗಳೂರಿನಲ್ಲಿಯೂ ಇದೆ. ಅಹಮದಾಬಾದಿನ ಮೂರು ಗಿರಣಿಗಳಲ್ಲಿ ನಡೆಸಿದ ಪರೀಕ್ಷೆಯ ಫಲಿತಾಂಶ 1989ರಲ್ಲಿ ಪ್ರಕಟವಾಯಿತು: ಕಾರ್ಡಿಂಗ್ ಖಾತೆಯಲ್ಲಿ ಮೂವರಲ್ಲಿ ಒಬ್ಬರಿಗಿಂತ ಹೆಚ್ಚು, ಬ್ಲೋ ರೂಮಿನಲ್ಲಿ ಹತ್ತಿರ ಹತ್ತಿರ ಅಷ್ಟೇ ಮಂದಿಗೆ ಈ ರೋಗವಿತ್ತು. ಗೇಟಿನೊಳಗೆ ಉಳಿದಿದ್ದವರ ಲೆಕ್ಕವೇ ಇಷ್ಟು! ಆದರೆ ಅದು ಅಚ್ಚಾದದ್ದು ವಿಲಾಯಿತಿಯ ವೈದ್ಯರ ಪತ್ರಿಕೆಯಲ್ಲಿ. ದಾವಣಗೆರೆಯ, ಹುಬ್ಬಳ್ಳಿಯ, ಗೋಕಾಕದ ಕಾರ್ಡಿಂಗ್ ಖಾತೆಯವನಿಗೆ ಅದನ್ನು ಕನ್ನಡದಲ್ಲಿ ಓದಿ ಹೇಳಿದವರು ಯಾರು?

ಕಾನೂನೂ ಇಲ್ಲದೆ ಇಲ್ಲ. ಇ.ಎಸ್.ಐ. ಕಾನೂನಿನ ಮೂರನೆಯ ಅನುಸೂಚಿಯಲ್ಲಿ ಈ ರೋಗದ ಹೆಸರು ಸೇರಿತ್ತು. ಗೊತ್ತುಮಾಡಿದ ಅವಧಿ ಆ ಕೆಲಸ ಮಾಡಿದವನಿಗೆ ಈ ರೋಗ ಬಂದರೆ ಯಂತ್ರಕ್ಕೆ ಸಿಕ್ಕಿ ಕೈ ಹೋದವನಂತೆಯೇ ಪರಿಹಾರಕ್ಕೆ ಹಕ್ಕು. 1948ರ ಕಾರ್ಖಾನೆ ಕಾನೂನಿನ 89ನೆಯ ಕಲಮಿನ ಪ್ರಕಾರ ಇಂಥ ರೋಗ ಕಂಡ ವೈದ್ಯನು ಕಾರ್ಖಾನೆಗಳ ಮುಖ್ಯ ನಿರೀಕ್ಷಕರಿಗೆ ವರದಿ ಮಾಡಬೇಕಾಗಿತ್ತು. 2025ರ ನವೆಂಬರ್ 21ರಂದು ಈ ಹಳೆಯ ಕಾನೂನುಗಳ ಜಾಗಕ್ಕೆ ಹೊಸ ಸಂಹಿತೆಗಳು ಬಂದವು. ಅವುಗಳ ಬಗ್ಗೆ ನಮಗಿರುವ ತಕರಾರುಗಳನ್ನು ಈ ಪತ್ರಿಕೆಯಲ್ಲಿ ಬೇಕಾದಷ್ಟು ಬರೆದಿದ್ದೇವೆ. ಆದರೆ ರೋಗಗಳ ಪಟ್ಟಿಯಲ್ಲಿ ಬಿಸಿನೋಸಿಸ್ ಉಳಿದಿದೆ, ವೈದ್ಯನು ವರದಿ ಮಾಡಬೇಕೆಂಬ ಕಲಮೂ ಉಳಿದಿದೆ, ವರ್ಷಕ್ಕೊಮ್ಮೆ ಬಿಟ್ಟಿ ಆರೋಗ್ಯ ಪರೀಕ್ಷೆಯ ಹೊಣೆಯನ್ನೂ ಮಾಲೀಕನ ಮೇಲೆ ಹೊರಿಸಿದೆ. ಕಾಗದದಲ್ಲಿ ಎಲ್ಲವೂ ಇದೆ. ಇಲ್ಲದಿರುವುದು ವರದಿ ಬರೆಯುವ ಕೈ. ಮುನ್ನೂರು ವರ್ಷಗಳಿಗೂ ಹಿಂದೆ ಇಟಲಿಯಲ್ಲಿ ರಾಮಜ್ಜಿನಿ ಎಂಬ ವೈದ್ಯರು ಬಾಳಿದ್ದರು. ಸೆಣಬು ನಾರುಗಳನ್ನು ಬಾಚುವವರ ಕೆಮ್ಮನ್ನು ಆಗಲೇ ಕಂಡು ಬರೆದವರು. ರೋಗಿ ಬಂದರೆ ಮಿಕ್ಕ ಪ್ರಶ್ನೆಗಳ ಜೊತೆಗೆ "ನಿನ್ನ ಕಸುಬು ಏನು?" ಎಂದೂ ಕೇಳಬೇಕು ಎಂದು ಅವರು ವೈದ್ಯರಿಗೆ ಬುದ್ಧಿ ಹೇಳಿದ್ದರು. ನಮ್ಮಲ್ಲಿ ಆಸ್ಪತ್ರೆಯ ಚೀಟಿಯ ಮೇಲೆ "ಕೂಲಿ" ಎಂದು ಬರೆದರೆ ಅಲ್ಲಿಗೆ ಮುಗಿಯಿತು. ಯಾವ ಕೂಲಿ, ಯಾವ ಖಾತೆ, ಎಷ್ಟು ವರ್ಷ? ಕೇಳುವವರಿಲ್ಲ.

ಈಗ ಆ ಹಿರಿಯರ ಮಾತಿಗೆ ಬರೋಣ. ಕಸುಬಿನ ರೋಗ ಎನ್ನುವುದು ನಿವೃತ್ತಿಯ ಕಾಗದಕ್ಕೆ ಅಂಜಿ ನಿಲ್ಲುವಂಥದಲ್ಲ. ಇದನ್ನು ನಮ್ಮ ಸುಪ್ರೀಂ ಕೋರ್ಟು 1995ರ ಜನವರಿಯಲ್ಲಿ ಆಸ್‌ಬೆಸ್ಟಾಸ್ ಕಾರ್ಖಾನೆಗಳ ಮೊಕದ್ದಮೆಯಲ್ಲಿ ಒಪ್ಪಿಕೊಂಡಿದೆ. ಕಾರ್ಮಿಕನ ಆರೋಗ್ಯ ಮೂಲಭೂತ ಹಕ್ಕು ಎಂದು ಹೇಳಿ, ಅವನ ಆರೋಗ್ಯದ ದಾಖಲೆಯನ್ನು ಕೆಲಸಕ್ಕೆ ಸೇರಿದಂದಿನಿಂದ 40 ವರ್ಷ ಅಥವಾ ಕೆಲಸ ಬಿಟ್ಟ ಮೇಲೆ 15 ವರ್ಷ, ಯಾವುದು ಹೆಚ್ಚೋ ಅಲ್ಲಿಯವರೆಗೆ ಇಟ್ಟುಕೊಂಡಿರಬೇಕೆಂದು ಆಜ್ಞೆ ಮಾಡಿತು. ಆಸ್‌ಬೆಸ್ಟಾಸಿಗೆ ಇದ್ದ ನ್ಯಾಯ ಹತ್ತಿಗೆ ಏಕಿಲ್ಲ? ದಾವಣಗೆರೆಯನ್ನು ಒಂದು ಕಾಲಕ್ಕೆ ಕರ್ನಾಟಕದ ಮ್ಯಾಂಚೆಸ್ಟರ್ ಎನ್ನುತ್ತಿದ್ದರು. ಅಲ್ಲಿಯ ದೊಡ್ಡ ಗಿರಣಿಗಳು ನಿಂತುಹೋದವು. ಬೆಂಗಳೂರಿನ ಬಿನ್ನಿ, ಮಿನರ್ವ, ಕಲಬುರಗಿಯ ಎಂ.ಎಸ್.ಕೆ. ಗಿರಣಿ, ಇವೂ ನಿಂತವು. ಅಲ್ಲಿ ದುಡಿದು ಹೊರಬಿದ್ದ ಸಾವಿರಾರು ಜನರಲ್ಲಿ ಬದುಕಿರುವವರು ಇಂದು ಮುದುಕರು. ಅವರ ಆರೋಗ್ಯವನ್ನು ಗೇಟಿನಲ್ಲಿ ಎಣಿಸೋಣವೆಂದರೆ ಗೇಟೇ ಇಲ್ಲ. ಹೀಗಾಗಿ ಕರ್ನಾಟಕದಲ್ಲಿ ಈ ರೋಗ ಅಪರೂಪ ಎಂದು ನಾಳೆ ಯಾರಾದರೂ ಬರೆದರೆ ಆಶ್ಚರ್ಯಪಡಬೇಕಾದ್ದಿಲ್ಲ.

ಮನೆಮನೆಗೆ ಹೋಗಿ ಮುದುಕರನ್ನು ಊದಿಸುವುದು ಬಡ ದೇಶಕ್ಕೆ ಆಗದ ಮಾತು ಎನ್ನುವವರಿಗೆ ಉತ್ತರ ಇಲ್ಲಿದೆ. 2017-18ರಲ್ಲಿ ಮುಂಬಯಿಯ ಜನಸಂಖ್ಯಾ ವಿಜ್ಞಾನದ ಸಂಸ್ಥೆಯು ದೇಶದಾದ್ಯಂತ ನಲವತ್ತೈದು ದಾಟಿದವರ ಮನೆಗಳಿಗೆ ಹೋಗಿ, 72,000ಕ್ಕೂ ಹೆಚ್ಚು ಜನರ ಬಾಳುವೆಯ ಸ್ಥಿತಿಯನ್ನು ವಿಚಾರಿಸಿತು. ಆ ಸಮೀಕ್ಷೆಯಲ್ಲಿ ಉಸಿರಿನ ಶಕ್ತಿಯನ್ನೂ ಯಂತ್ರದಿಂದ ಅಳೆದರು. ದೇಶಕ್ಕೆಲ್ಲ ಸಾಧ್ಯವಾದದ್ದು ಒಂದು ಊರಿನ ನಾಲ್ಕು ಗಿರಣಿ ಕೇರಿಗಳಿಗೆ ಸಾಧ್ಯವಾಗುವುದಿಲ್ಲವೇ? ನಮ್ಮ ರಾಜ್ಯದ ಜಿಲ್ಲೆ ಜಿಲ್ಲೆಗಳಲ್ಲಿ ಈಗ ವೈದ್ಯಕೀಯ ಕಾಲೇಜುಗಳಿವೆ. ಉನ್ನತ ಪದವಿಗೆ ಓದುವ ಪ್ರತಿಯೊಬ್ಬ ವೈದ್ಯನೂ ಒಂದು ಪ್ರಬಂಧ ಬರೆಯಲೇಬೇಕು. ವಿಷಯಕ್ಕಾಗಿ ಹುಡುಕಾಡುವ ಈ ಯುವಕರು ಕೇರಿಯತ್ತ ನಾಲ್ಕು ಹೆಜ್ಜೆ ಇಟ್ಟರೆ ಸಾಕು, ಒಂದೊಂದು ಜಗಲಿಯ ಮೇಲೂ ಒಂದೊಂದು ಪ್ರಬಂಧ ಕೆಮ್ಮುತ್ತ ಕುಳಿತಿದೆ.

ನಿವೃತ್ತನ ಪಾಡು ಏನು? ಭವಿಷ್ಯ ನಿಧಿಯ ಪಿಂಚಣಿಗೆ 2014ರಲ್ಲಿ ಸರ್ಕಾರ ಕಟ್ಟಿದ ಕನಿಷ್ಠ ಮೊತ್ತ ತಿಂಗಳಿಗೆ 1,000 ರೂಪಾಯಿ. ಉಸಿರಿನ ಜೊತೆ ಎಳೆದುಕೊಳ್ಳುವ ಔಷಧಿಗೇ ಅದರಲ್ಲಿ ಬಹುಪಾಲು ಹೋದರೆ ಅಕ್ಕಿಗೆ ಉಳಿಯುವುದೆಷ್ಟು ಎಂಬುದನ್ನು ಕಿರಾಣಿ ಅಂಗಡಿಯ ನಮ್ಮ ಓದುಗರು ನಮಗಿಂತ ಚೆನ್ನಾಗಿ ಬಲ್ಲರು. ಅವರ ಉದ್ರಿ ಪುಸ್ತಕದಲ್ಲಿ ತೀರದೆ ಉಳಿದ ಬಾಕಿಗಳಲ್ಲಿ ಎಷ್ಟು ಈ ಧೂಳಿನ ಬಾಕಿಯೋ! ಇಲ್ಲಿ ಒಂದು ವಿಷಯ ತಿಳಿಸುತ್ತೇವೆ. ಐದು ವರ್ಷಕ್ಕೆ ಕಡಿಮೆಯಿಲ್ಲದಂತೆ ಇ.ಎಸ್.ಐ. ವಿಮೆಯಲ್ಲಿದ್ದು ವಯಸ್ಸಾಗಿ ನಿವೃತ್ತರಾದವರು ತಿಂಗಳಿಗೆ ಹತ್ತು ರೂಪಾಯಿಯಂತೆ ವರ್ಷದ 120 ರೂಪಾಯಿಯನ್ನು ಮುಂಗಡವಾಗಿ ಕಟ್ಟಿದರೆ, ಗಂಡಹೆಂಡಿರಿಬ್ಬರಿಗೂ ವಿಮೆಯ ಆಸ್ಪತ್ರೆಯಲ್ಲಿ ಔಷಧೋಪಚಾರ ಸಿಗುವ ನಿಯಮವಿದೆ. ನಮ್ಮ ಕಚೇರಿಗೆ ಬಂದ ಹಿರಿಯರಿಗೆ ಇದು ಎಂಟು ವರ್ಷದಿಂದ ಗೊತ್ತೇ ಇರಲಿಲ್ಲ.

ಸಣ್ಣ ವ್ಯಾಪಾರಿಗಳು ಇದು ಗಿರಣಿಯವರ ಗೋಳು ಎಂದುಕೊಂಡು ಪುಟ ತಿರುವಬಾರದು. ಹಾಸಿಗೆ ದಿಂಬು ಮಾಡುವ ಪಿಂಜಾರ ಬಂಧುಗಳು, ಹತ್ತಿ ಮಂಡಿಯಲ್ಲಿ ಅಂಡಿಗೆ ಬಿಚ್ಚುವ ಹಮಾಲರು, ಸುಗ್ಗಿಯ ಮೂರು ನಾಲ್ಕು ತಿಂಗಳು ಜಿನ್ನಿಂಗಿಗೆ ಹೋಗುವ ಹೆಂಗಸರು ಕುಡಿಯುವುದೂ ಹತ್ತಿಯ ಧೂಳನ್ನೇ. ಹಾಸಿಗೆ ಅಂಗಡಿಯ ಮುದುಕನಿಗೆ ಗಿರಣಿಯೂ ಇಲ್ಲ, ವಿಮೆಯೂ ಇಲ್ಲ, ಅವನ ಹೆಸರಿರುವ ಹಾಜರಿ ಪುಸ್ತಕವೂ ಇಲ್ಲ. ಒಡಿಶಾ, ಬಿಹಾರಗಳಿಂದ ಬಂದು ಕಂಟ್ರಾಕ್ಟಿನ ಮೇಲೆ ದುಡಿಯುವ ಹುಡುಗರಂತೂ ಎದೆ ಕೆಟ್ಟ ದಿನ ರೈಲು ಹತ್ತುತ್ತಾರೆ. ಅವರ ಕೆಮ್ಮು ಯಾವ ರಾಜ್ಯದ ಲೆಕ್ಕಕ್ಕೂ ಸೇರುವುದಿಲ್ಲ.

ಪದವಿಗಾಗಿ ಬರೆದ ಪ್ರಬಂಧ ಎಂದು ನಾವು ಹಗುರವಾಗಿ ಮಾತಾಡುವುದಿಲ್ಲ. ಡಾಕ್ಟರ್ ಲೋಹಿಯಾ ಅವರು ಬರ್ಲಿನ್ನಿನಲ್ಲಿ ಪದವಿಗಾಗಿ ಬರೆದ ಪ್ರಬಂಧ ಭಾರತದ ಉಪ್ಪಿನ ತೆರಿಗೆಯ ಮೇಲೆ. ಬಡವನ ಗಡಿಗೆಯೊಳಗಿನ ಉಪ್ಪಿನ ಹರಳನ್ನು ಎತ್ತಿಕೊಂಡು ವಿದ್ವಾಂಸರ ಮೇಜಿನ ಮೇಲೆ ಇಟ್ಟ ಮನುಷ್ಯ, ತಾಯ್ನಾಡಿಗೆ ಬಂದು ಜನರ ಮಾತು ಜನರ ಭಾಷೆಯಲ್ಲೇ ನಡೆಯಬೇಕೆಂದು ಜೀವಮಾನವೆಲ್ಲ ಹೋರಾಡಿದರು. ವಿದ್ಯೆ ಎಲ್ಲಿಂದ ಏನನ್ನು ತೆಗೆದುಕೊಂಡಿತೋ ಅಲ್ಲಿಗೆ ಅದನ್ನು ತಿರುಗಿ ತಲುಪಿಸಬೇಕೆಂದು ಕೇಳುವುದು ವಿದ್ಯೆಯ ದ್ವೇಷವಲ್ಲ.

ಹಾಗಾದರೆ ಮುಂದಿನ ಸಲ ಬಂದಾಗ ಊದಬೇಕೋ ಬೇಡವೋ? ಊದಬೇಕು. ಕಾರ್ಡಿಂಗ್ ಖಾತೆಯ ಗೆಳೆಯರ ಭಯ ಸುಳ್ಳಲ್ಲ. ಎದೆ ಕೆಟ್ಟವನನ್ನು ಉಳಿಸಿಕೊಳ್ಳುವ ಬದಲು ತೆಗೆದುಹಾಕುವುದು ಅಗ್ಗ ಎಂಬ ಲೆಕ್ಕ ಕಂಟ್ರಾಕ್ಟುದಾರನಿಗೆ ಗೊತ್ತು. ಆದರೆ ಊದದೆ ಓಡಿಹೋದರೆ ರೋಗ ಓಡಿಹೋಗುವುದಿಲ್ಲ. "ರೋಗವಿಲ್ಲ" ಎಂಬ ಮಾಲೀಕನ ವರದಿಗೆ ನಾವೇ ಹೆಬ್ಬೆಟ್ಟು ಒತ್ತಿದಂತಾಗುತ್ತದೆ. ಊದಬೇಕು, ಆದರೆ ಕರಾರಿನ ಮೇಲೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ 2017ರ ನೀತಿಸೂತ್ರಗಳ ಪ್ರಕಾರ, ಸಂಶೋಧನೆಗೆ ಒಳಗಾಗುವವನಿಗೆ ಅವನಿಗೆ ತಿಳಿಯುವ ಭಾಷೆಯಲ್ಲಿ ವಿಷಯ ವಿವರಿಸಿ ಒಪ್ಪಿಗೆ ಪಡೆಯಬೇಕು. ಅವನ ಗುಟ್ಟು ಕಾಯಬೇಕು. ಬೇಡವೆನಿಸಿದಾಗ ಹೊರಗೆ ಬರಲು ಅವನಿಗೆ ಸ್ವಾತಂತ್ರ್ಯವಿದೆ. ಇದು ನಮ್ಮ ಪಕ್ಷದ ಘೋಷಣೆಯಲ್ಲ, ಸರ್ಕಾರಿ ಮಂಡಳಿಯೇ ಬರೆದುಕೊಟ್ಟ ನಿಯಮ. ಆದುದರಿಂದ ಇಂಗ್ಲಿಷ್ ಹಾಳೆಗೆ ಸಹಿ ಮಾಡಬೇಡಿ, ಕನ್ನಡದ ಹಾಳೆ ಕೇಳಿ. ಹೆಸರು ಹಿಡಿದು ಫಲಿತಾಂಶವನ್ನು ಆಡಳಿತಕ್ಕೆ ಕೊಡುವುದಿಲ್ಲವೆಂದು ಆ ಹಾಳೆಯಲ್ಲಿ ಬರೆಸಿಕೊಳ್ಳಿ. ನಿಮ್ಮ ಅಂಕಿಯನ್ನು ನಿಮ್ಮ ಕೈಗೇ ಕೇಳಿ. ಸೋಮವಾರ ಬನ್ನಿ, ಪಾಳಿಗೆ ಮುಂಚೆ ಒಮ್ಮೆ, ಆಮೇಲೆ ಒಮ್ಮೆ ಊದಿಸಿ ಎನ್ನಿ. ಒಬ್ಬೊಬ್ಬರೇ ಕೇಳಿದರೆ ನಡೆಯುವುದಿಲ್ಲ. ಖಾತೆಯ ಖಾತೆಯೇ ಒಟ್ಟಾಗಿ ಕೇಳಬೇಕು.

ಸಂಶೋಧನೆಗೆ ಕಳಿಸಿದ ಕಾಲೇಜಿಗೆ ಈ ಬೇಡಿಕೆಗಳನ್ನು ಬರೆದು ಪಕ್ಷದಿಂದ ಕಾಗದ ಹಾಕಿದ್ದೇವೆ. ಕೇರಿಗೆ ಬರಬೇಕು ಎಂಬುದನ್ನು ಎಲ್ಲಕ್ಕಿಂತ ಮೊದಲು ಬರೆದಿದ್ದೇವೆ. ಉತ್ತರ ಬಂದ ವಾರ ಅದನ್ನು ಇಲ್ಲಿಯೇ ಅಚ್ಚು ಹಾಕುತ್ತೇವೆ. ಅಲ್ಲಿಯವರೆಗೆ ಕೈಕಟ್ಟಿ ಕೂಡುವುದು ಬೇಡ. ಬರುವ ಭಾನುವಾರದಿಂದ ಸಂಜೆ ಆರರ ಮೇಲೆ ಪಕ್ಷದ ಕಚೇರಿಯಲ್ಲಿ ಒಂದು ನೋಟು ಪುಸ್ತಕ ಇಟ್ಟಿರುತ್ತದೆ. ಗಿರಣಿ, ಜಿನ್ನಿಂಗು, ಹಾಸಿಗೆ ಅಂಗಡಿ, ಎಲ್ಲಿಯೇ ಹತ್ತಿಯಲ್ಲಿ ದುಡಿದು ಬಿಟ್ಟವರಾಗಲಿ, ಹೆಸರು, ಖಾತೆ, ಎಷ್ಟು ವರ್ಷ ದುಡಿದದ್ದು, ಎದೆ ಮೊದಲು ಬಿಗಿದದ್ದು ಯಾವಾಗ, ಇಷ್ಟನ್ನು ಬರೆಸಬೇಕು. ಇ.ಎಸ್.ಐ. ಚೀಟಿಯೋ ಹಳೆಯ ಗೇಟ್ ಪಾಸೋ ಇದ್ದರೆ ತರಬೇಕು. ಮೆಟ್ಟಿಲು ಹತ್ತಲಾಗದವರು ಹುಡುಗರ ಕೈಯಲ್ಲಿ ಹೇಳಿ ಕಳಿಸಿದರೆ ಪುಸ್ತಕ ತೆಗೆದುಕೊಂಡು ನಾವೇ ಮನೆಗೆ ಬರುತ್ತೇವೆ.